ಅದು ಪರ್ಮಿಟ್ ಅಲ್ಲ ಮಾರಾಯ್ರೆ, ಅರ್ಜಿಯ ರಸೀದಿ

ರಜೆಗೆ ಅಮೆರಿಕಕ್ಕೆ ಹೋಗುವ ನಮ್ಮ ಉಡುಪಿ, ಮಂಗಳೂರಿನವರು ಯಾರಾದರೂ ಅರಿಜೋನಾದ ‘ದಿ ವೇವ್’ ನೋಡುವ ಲೆಕ್ಕಾಚಾರದಲ್ಲಿದ್ದರೆ, ಇಲ್ಲಿ ಯಾರ ಕೈಗೂ ದುಡ್ಡು ಕೊಡುವ ಮೊದಲು ಇದನ್ನು ಓದಿ. ನಾವು ಜೂನ್‌ನಲ್ಲಿ ಅಷ್ಟು ದೂರ ಹೋಗಿ, ಆ ಕಲ್ಲನ್ನು ನೋಡದೆ ವಾಪಸ್ ಬಂದೆವು.

ಮರುಭೂಮಿಯ ಮಧ್ಯೆ ಮರಳುಗಲ್ಲು ಕೆಂಪು, ಹಳದಿ ಗೆರೆಗಳಾಗಿ ಬಳುಕಿ, ಸಮುದ್ರದ ಅಲೆ ಹಾಗೇ ಗಟ್ಟಿಯಾದಂತೆ ಕಾಣುವ ಜಾಗ ಅದು. ಡೈನೋಸಾರ್ ಕಾಲದ ಮರಳು ದಿಬ್ಬಗಳು ಕಲ್ಲಾಗಿ, ಆಮೇಲೆ ನೀರು, ಗಾಳಿಗೆ ಸವೆದದ್ದು. ಮಗಳ ಲ್ಯಾಪ್‌ಟಾಪ್ ಪರದೆಯಲ್ಲಿ ಎರಡು ವರ್ಷದಿಂದ ಅದೇ ಚಿತ್ರ. ಫೀನಿಕ್ಸ್‌ನಲ್ಲಿ ಅಕ್ಕ, ಭಾವ ಇದ್ದಾರೆ. ಹೇಗೂ ಹೋಗುತ್ತೇವೆ, ಅದನ್ನೂ ನೋಡಿ ಬರೋಣ ಅಂದುಕೊಂಡೆವು.

ಇಲ್ಲಿ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು ನೋಡಬೇಕಾದರೆ ಮಲ್ಪೆಯಲ್ಲಿ ಬೋಟ್ ಟಿಕೆಟ್ ತೆಗೊಂಡು ಹತ್ತಿದರಾಯ್ತು. ಕಲ್ಲು ನೋಡುವ ಪರ್ಮಿಟ್‌ಗೆ ಲಾಟರಿ ಇರುತ್ತದೆ ಅಂತ ನನಗೆ ಕನಸಲ್ಲೂ ಹೊಳೆದಿರಲಿಲ್ಲ. ಮಂಗಳೂರಿನ ಒಂದು ಟ್ರಾವೆಲ್ ಆಫೀಸಿನವರು ಅದನ್ನು ಹೇಳಲೂ ಇಲ್ಲ. "ಪರ್ಮಿಟ್ ನಮ್ಮ ಜವಾಬ್ದಾರಿ ಸರ್, ನೀವು ಟೆನ್ಷನ್ ಮಾಡ್ಬೇಡಿ. ಅಲ್ಲಿನ ಗೈಡ್ ಹತ್ರ ಕೋಟಾ ಉಂಟು" ಅಂದರು. ನಾಲ್ಕು ಜನರಿಗೆ 32 ಸಾವಿರ. ಜನವರಿಯಲ್ಲೇ ಕಟ್ಟಿದೆ. ಫೆಬ್ರವರಿಯಲ್ಲಿ ಒಂದು ಪಿಡಿಎಫ್ ಬಂತು. ಸರ್ಕಾರಿ ಮುದ್ರೆ, ಮಗಳ ಹೆಸರು, ತಾರೀಕು ಎಲ್ಲ ಇತ್ತು. ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಜೊತೆ ಭದ್ರವಾಗಿಟ್ಟೆ. ಓದಲಿಲ್ಲ. ತಪ್ಪು ನನ್ನದೂ ಇದೆ.

ಪಕ್ಕದ ಯೂಟಾ ರಾಜ್ಯದ ಕನಾಬ್ ಅನ್ನುವ ಸಣ್ಣ ಊರಿನಲ್ಲಿ ಒಂದು ರಾತ್ರಿಗೆ ರೂಮು ಮಾಡಿದ್ದೆವು. ಊಟ ಮುಗಿಸಿ ಭಾವ ಆ ಹಾಳೆ ಕೇಳಿದರು. ಕನ್ನಡಕ ಏರಿಸಿ ಎರಡು ಸಲ ಓದಿದರು. "ಎಂತ ಮಾರಾಯ, ಇದು ಪರ್ಮಿಟ್ ಅಲ್ಲ. ಲಾಟರಿಗೆ ಅರ್ಜಿ ಹಾಕಿದ ಒಂಬತ್ತು ಡಾಲರ್‌ನ ರಸೀದಿ."

ಬೆಳಗ್ಗೆ ಅಲ್ಲಿನ ಸರ್ಕಾರಿ ಮಾಹಿತಿ ಕೇಂದ್ರಕ್ಕೆ ಹೋದೆವು. ಕೌಂಟರಿನಲ್ಲಿದ್ದ ಹೆಂಗಸು ಪಾಪ, ಎಷ್ಟು ಜನಕ್ಕೆ ಹೀಗೆ ವಿವರಿಸಿದ್ದಾರೋ ಏನೋ. ದಿನಕ್ಕೆ ಹೆಚ್ಚೆಂದರೆ 64 ಜನರನ್ನು ಬಿಡುತ್ತಾರೆ. ಅದರಲ್ಲಿ 48 ಜನರ ಜಾಗ ನಾಲ್ಕು ತಿಂಗಳು ಮುಂಚಿನ ಆನ್‌ಲೈನ್ ಲಾಟರಿಗೆ. ಜೂನ್‌ಗೆ ಹೋಗಬೇಕಾದರೆ ಫೆಬ್ರವರಿಯಲ್ಲಿ ಅರ್ಜಿ, ಮಾರ್ಚ್ 1ಕ್ಕೆ ಡ್ರಾ. ಉಳಿದ 16 ಜನರದ್ದು ದಿನದ ಲಾಟರಿ. ಅದಕ್ಕೆ ಕನಾಬ್, ಪೇಜ್ ಎಂಬ ಊರುಗಳ ಸುತ್ತಮುತ್ತ ಇದ್ದುಕೊಂಡೇ ಮೊಬೈಲಿನಲ್ಲಿ ಅರ್ಜಿ ಹಾಕಬೇಕು. ಗೆದ್ದರೂ ಹೋಗುವುದು ಎರಡು ದಿನ ಬಿಟ್ಟು. ಗೈಡ್‌ಗಳು ದಾರಿ ತೋರಿಸುತ್ತಾರೆ ಅಷ್ಟೇ, ಪರ್ಮಿಟ್ ನಾವೇ ಗೆದ್ದಿರಬೇಕು. ಅದನ್ನು ಇನ್ನೊಬ್ಬರಿಗೆ ಮಾರುವ ಹಾಗೂ ಇಲ್ಲ. ಗೆದ್ದಿದ್ದರೆ ಅರ್ಜಿಗೆ 9, ತಲೆಗೆ 7ರಂತೆ ನಾಲ್ವರಿಗೆ ಒಟ್ಟು 37 ಡಾಲರ್. ನಮ್ಮ ದುಡ್ಡಲ್ಲಿ ಮೂರು ಸಾವಿರ ಚಿಲ್ಲರೆ.

ಅರ್ಜಿ ಹಾಕಿದ್ದು ಆಫೀಸಿನವರ ಇಮೇಲ್‌ನಿಂದ. ಸೋತ ಸುದ್ದಿ ಮಾರ್ಚ್‌ನಲ್ಲೇ ಅವರಿಗೆ ಬಂದಿರುತ್ತದೆ, ಅಲ್ವಾ? ಮೂರು ತಿಂಗಳು ಬಾಯಿ ಬಿಡಲಿಲ್ಲ. ಅಲ್ಲಿಂದಲೇ ಫೋನ್ ಮಾಡಿದೆ. ಇಲ್ಲಿ ರಾತ್ರಿ ಎಂಟೂವರೆ. "ಲಾಟರಿ ಅಲ್ವಾ ಸರ್, ನಮ್ಮ ಕೈಲಿ ಎಂತ ಉಂಟು?" ಅಂದರು, ಜನವರಿಯಲ್ಲಿ ಜವಾಬ್ದಾರಿ ನಮ್ಮದು ಅಂದವರೇ.

ಎರಡು ದಿನ ಉಳಿಯುವ ಹಾಗಿರಲಿಲ್ಲ, ಭಾವನಿಗೆ ಡ್ಯೂಟಿ. ಮಗಳ ಮುಖ ನೋಡಲಾಗದೆ, ಪರ್ಮಿಟ್ ಬೇಡದ ಟೋಡ್‌ಸ್ಟೂಲ್ಸ್ ಅನ್ನುವ ಜಾಗಕ್ಕೆ ಹೋದೆವು. ಹೆದ್ದಾರಿ ಪಕ್ಕದಲ್ಲೇ, ಹೋಗಿ ಬರಲು ಮೂರು ಕಿಲೋಮೀಟರ್ ಅಷ್ಟೇ. ಅಣಬೆಯಂತೆ ತಲೆ ಮೇಲೆ ಬಂಡೆ ಹೊತ್ತ ಕಲ್ಲುಗಳು. ಚಂದ ಇದೆ, ಸುಳ್ಳು ಹೇಳಬಾರದು. ಆದರೆ ನಾವು ಹೊರಟದ್ದು ಹನ್ನೊಂದೂವರೆಗೆ, ತಲೆಗೊಂದು ಅರ್ಧ ಲೀಟರ್ ಬಾಟಲಿ ಹಿಡಿದು.

ಮೇ ತಿಂಗಳ ಮಂಗಳೂರು ಸೆಕೆ ಕಂಡವ ನಾನು, ಇದೆಂತ ಬಿಸಿಲು ಅನ್ನುವ ಜಂಬ. ನಮ್ಮಲ್ಲಿ ಹತ್ತು ಹೆಜ್ಜೆಗೆ ಅಂಗಿ ಒದ್ದೆ. ಅಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಒಣ ಗಾಳಿಗೆ ಆಗಲೇ ಆರಿಹೋಗುತ್ತದೆ. ಬೆವರಿಲ್ಲ ಅಂತ ನೀರೂ ಕುಡಿಯಲಿಲ್ಲ. ವಾಪಸ್ ಬರುವಾಗ ತಲೆ ಸಿಡಿಯುತ್ತಿತ್ತು, ಕಾಲು ನಡುಗುತ್ತಿತ್ತು, ಕೊನೆಗೆ ಭಾವ ತೋಳು ಹಿಡಿದು ಕಾರಿಗೆ ಕೂರಿಸಿದರು. ವೇವ್‌ಗೆ ಹೋಗಿ ಬರಲು ಹತ್ತು ಕಿಲೋಮೀಟರಿಗೂ ಜಾಸ್ತಿ. ಗುರುತು ಹಾಕಿದ ದಾರಿ ಇಲ್ಲ, ನೀರಿಲ್ಲ, ನೆರಳಂತೂ ಇಲ್ಲವೇ ಇಲ್ಲ. 2013ರ ಜುಲೈ ಒಂದೇ ತಿಂಗಳಲ್ಲಿ ಆ ದಾರಿಯಲ್ಲಿ ಮೂವರು ಬಿಸಿಲಿಗೆ ಸತ್ತಿದ್ದಾರೆ. ಪರ್ಮಿಟ್ ಸಿಗದ್ದೇ ಒಳ್ಳೆಯದಾಯ್ತು ಅಂತ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಹಾಗಾಗಿ ಅರ್ಜಿ ನೀವೇ ಹಾಕಿ, ನಿಮ್ಮದೇ ಇಮೇಲ್‌ನಿಂದ. ಒಂದು ಅರ್ಜಿಯಲ್ಲಿ ಆರು ಜನರವರೆಗೆ ಸೇರಿಸಬಹುದು. ಡ್ರಾ ಆಗಿ ಹೆಸರು ಬಂದ ಮೇಲೆ ರೂಮು ಮಾಡಿ. ಜೂನ್, ಜುಲೈ ಬಿಟ್ಟು ತಂಪು ತಿಂಗಳು ನೋಡಿಕೊಳ್ಳಿ. ತಲೆಗೆ ನಾಲ್ಕು ಲೀಟರ್ ನೀರು ಇರಲಿ. ಮಳೆ ಬಂದರೆ ಅಲ್ಲಿಗೆ ಹೋಗುವ ಮಣ್ಣುರಸ್ತೆ ಕೆಸರಾಗಿ ಕಾರು ಹೂತುಹೋಗುತ್ತದೆ, ಹೊರಡುವ ಮುಂಚೆ ಕೇಳಿ. ಇನ್ನೊಂದು, ಬೇಸಿಗೆಯಲ್ಲಿ ಯೂಟಾಕ್ಕೂ ಅರಿಜೋನಾಕ್ಕೂ ಒಂದು ಗಂಟೆ ವ್ಯತ್ಯಾಸ. ಗಡಿ ದಾಟಿದಾಗೆಲ್ಲ ಮೊಬೈಲ್ ಸಮಯ ಹಿಂದೆ ಮುಂದೆ ಆಗುತ್ತಿರುತ್ತದೆ.

ಊರಿಗೆ ಬಂದ ಮೇಲೆ ಆ ಆಫೀಸಿಗೆ ನಾಲ್ಕು ಸಲ ಅಲೆದೆ. ಐದು ಸಾವಿರ ವಾಪಸ್ ಕೊಟ್ಟರು. ಉಳಿದದ್ದನ್ನು ಮುಂದಿನ ವರ್ಷ ದುಬೈ ಡೆಸರ್ಟ್ ಸಫಾರಿಯಲ್ಲಿ ಅಡ್ಜಸ್ಟ್ ಮಾಡಿಕೊಡುತ್ತಾರಂತೆ.