ಬ್ರಷ್ ಗೀರಿನ ಕನ್ನಡ ಫಾಂಟ್: ಎರಡು ವರ್ಷ ಬಳಸಿದ ಮೇಲೆ

ಕೈಯಲ್ಲಿ ಬರೆದು ಸ್ಕ್ಯಾನ್ ಮಾಡಿ ಕಟ್ಟಿದ ಈ ಯೂನಿಕೋಡ್ ಫಾಂಟು ದಾವಣಗೆರೆಯ ಡಿಟಿಪಿ (ಕಂಪ್ಯೂಟರ್ ಅಕ್ಷರ ಜೋಡಣೆ) ಕೆಲಸಕ್ಕೆ ಚೆನ್ನಾಗಿ ಒಗ್ಗಿದೆ. ಹೋಟೆಲ್ ಬೋರ್ಡು, ಜಾತ್ರೆ ಬ್ಯಾನರು, ಗಣೇಶೋತ್ಸವದ ಪೋಸ್ಟರಿಗೆ ಕಣ್ಣು ಮುಚ್ಚಿ ಹಾಕಬಹುದು. ಲಗ್ನಪತ್ರಿಕೆಯ ಒಳಪುಟಕ್ಕೆ ಬೇಡ.

ಇದರ ದೊಡ್ಡ ಗುಣ ಗೀರು, ಅಂದರೆ ಒಣಗಿದ ಬ್ರಷ್ಷು ಬಣ್ಣದ ನಡುವೆ ಬಿಡುವ ಖಾಲಿ ಗೆರೆ, ಬಿದ್ದಿರುವ ಜಾಗ. ಅಗ್ಗದ ಬ್ರಷ್ ಫಾಂಟುಗಳಲ್ಲಿ ಅಕ್ಷರದ ಮೈತುಂಬ ಒಂದೇ ಸಮ ಚುಕ್ಕೆ ಉದುರಿಸಿರುತ್ತಾರೆ, ಸವೆದ ರಬ್ಬರ್ ಸ್ಟಾಂಪಿನಂತೆ ಕಾಣುತ್ತದೆ. ಇಲ್ಲಿ ಬಣ್ಣ ತುಂಬಿದ ಬ್ರಷ್ಷು ತಲೆಕಟ್ಟಿನ ಎಡಕ್ಕೆ ಕೂತು, ಬಲತುದಿ ಮುಟ್ಟುವಷ್ಟರಲ್ಲಿ ಒಣಗುತ್ತದೆ. ಶಟರ್ ಮೇಲೆ ಬರೆಯುತ್ತಿದ್ದ ಪೇಂಟರ್‌ಗಳ ಕೈಯೂ ಹೀಗೇ ಓಡುತ್ತಿತ್ತು.

ಕೊಳ್ಳುವ ಮೊದಲು ಯಾವ ಬ್ರಷ್ ಫಾಂಟಿನಲ್ಲಾದರೂ ‘ದಾವಣಗೆರೆ ಬೆಣ್ಣೆ ದೋಸೆ’ ಎಂದು ಬರೆದು ನೋಡಿ. ಗೆ, ರೆ, ಬೆ, ಣ್ಣೆ, ಸೆ ಐದರಲ್ಲೂ ಎತ್ವ ಬರುತ್ತದೆ. ಐದು ಕಡೆಯೂ ಅದೇ ಗೀರು ಕಂಡರೆ ಕೈಬರಹದ ಭ್ರಮೆ ಅಲ್ಲಿಗೇ ಮುಗಿಯಿತು. ನಾನು ಹೇಳುತ್ತಿರುವ ಫಾಂಟಿನಲ್ಲಿ ಎತ್ವಕ್ಕೆ ಮೂರು ರೂಪಗಳಿವೆ, ಸಾಫ್ಟ್‌ವೇರಿನಲ್ಲಿ ಓಪನ್‌ಟೈಪ್ ಪರ್ಯಾಯ ರೂಪಗಳನ್ನು ಆನ್ ಮಾಡಿದರೆ ತಾವಾಗಿಯೇ ಬದಲಾಗುತ್ತವೆ.

48 ಪಾಯಿಂಟ್‌ಗಿಂತ ಕೆಳಗೆ ಇಳಿಯಬೇಡಿ, ಗೀರು ತುಂಬಿಕೊಂಡು ಮಸಿಯಾಗುತ್ತದೆ. ಎರಡು ಸಾಲಿದ್ದರೆ ಸಾಲಿನ ಅಂತರ ಶೇ. 140 ಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗುತ್ತದೆ.

ಹೆಚ್ಚು ಕಷ್ಟ ಕೊಡುವುದು ರೇಡಿಯಂ ಕಟಿಂಗ್, ಅಂದರೆ ಸ್ಟಿಕರ್ ಹಾಳೆಯಲ್ಲಿ ಪ್ಲಾಟರ್ ಯಂತ್ರದಿಂದ ಅಕ್ಷರ ಕತ್ತರಿಸುವುದು. 2 ಮಿ.ಮೀ.ಗಿಂತ ಸಣ್ಣ ಚೂರುಗಳು ಪ್ಲಾಟರ್ ಬ್ಲೇಡಿಗೇ ಎದ್ದು ಬರುತ್ತವೆ, ಉಳಿದವು ಸಿಪ್ಪೆ (ಅಕ್ಷರದ ಸುತ್ತಲಿನ ಬೇಡದ ಹಾಳೆ) ತೆಗೆಯುವಾಗ ಕಿತ್ತು ಹೋಗುತ್ತವೆ. ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಅಕ್ಷರವನ್ನು ಕರ್ವ್ (ಗೆರೆಗಳ ಆಕೃತಿ) ಮಾಡಿ, ಕಂಟ್ರೋಲ್ ಕೆ ಒತ್ತಿ ಚೂರು ಚೂರಾಗಿ ಬಿಡಿಸಿದರೆ ಇದನ್ನು ತಪ್ಪಿಸಬಹುದು. ಆಗ ಅಕ್ಷರದ ಒಳಗಿನ ಕಂಡಿಗಳೂ ಬಣ್ಣ ತುಂಬಿಕೊಂಡು ಕಾಣುತ್ತವೆ, ಗಾಬರಿ ಬೇಡ. ಸಣ್ಣ ಚೂರುಗಳನ್ನು ಆರಿಸಿ ಅಳಿಸಿ, ಉಳಿದದ್ದನ್ನೆಲ್ಲ ಆಯ್ದು ಕಂಟ್ರೋಲ್ ಎಲ್ ಒತ್ತಿದರೆ ಕಂಡಿಗಳು ಮತ್ತೆ ತೆರೆದುಕೊಳ್ಳುತ್ತವೆ. ಬಟ್ಟೆ ಚೀಲಕ್ಕೆ ಸ್ಕ್ರೀನ್ ಪ್ರಿಂಟ್ ಮಾಡುವಾಗಲೂ ಇದೇ ಫೈಲು ಕೊಡಿ, ಸಣ್ಣ ಗೀರುಗಳಲ್ಲಿ ಇಂಕು ಹರಡಿ ಮುಚ್ಚಿಕೊಳ್ಳುವುದು ತಪ್ಪುತ್ತದೆ.

ನುಡಿ ತಂತ್ರಾಂಶದ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪಾದ ಮ್ಯಾಟರನ್ನು ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಬೇಕು. ಪೇಜ್‌ಮೇಕರ್‌ನಲ್ಲಿ ಈ ಫಾಂಟು ನಡೆಯುವುದಿಲ್ಲ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸದಿದ್ದರೆ ಒತ್ತು, ಗುಣಿತ ಚದುರುತ್ತವೆ.

ಒಂದು ದೋಷ ಮಾತ್ರ ಇನ್ನೂ ಸರಿಯಾಗಿಲ್ಲ. ‘ಚಿತ್ರದುರ್ಗ’ದಲ್ಲಿ ಅರ್ಕಾವತ್ತು ಸೊಗಸಾಗಿ ಕೂರುತ್ತದೆ, ‘ದುರ್ಗಾಂಬಿಕಾ’ ಎಂದು ಬರೆದರೆ ಅದರ ಬಾಲ ಸೊನ್ನೆಗೆ ಅಂಟುತ್ತದೆ. ದಾವಣಗೆರೆಯ ಊರದೇವತೆಯ ಹೆಸರು, ಹಾಗೇ ಬಿಟ್ಟು ಅಚ್ಚಿಗೆ ಕಳಿಸುವಂತಿಲ್ಲ. ಕರ್ವ್ ಮಾಡಿದ ಮೇಲೆ ಶೇಪ್ ಟೂಲಿನಲ್ಲಿ ಸೊನ್ನೆ ಮತ್ತು ಅದರ ಮುಂದಿನ ಅಕ್ಷರಗಳ ನೋಡ್‌ಗಳನ್ನು ಒಟ್ಟಿಗೆ ಹಿಡಿದು, ನಡುವೆ ಬಿಳಿ ಕಾಣುವಷ್ಟು ಬಲಕ್ಕೆ ಸರಿಸಿ.