ಸಂಧ್ಯಾ ಸುರಕ್ಷಾ: ಅರ್ಜಿ ಸುಲಭ, ಆದರೆ ದುಡ್ಡು ಯಾವ ಖಾತೆಗೆ ಹೋಯ್ತು?

ಹೋಟೆಲಿಗೆ ಸ್ಟಾರ್ ಕೊಡುತ್ತೇವೆ, ಸಲೂನಿಗೆ ಕೊಡುತ್ತೇವೆ, ಆದರೆ ಊರಿನ ಅರ್ಧಕ್ಕರ್ಧ ವಯಸ್ಸಾದವರು ತಿಂಗಳ ಖರ್ಚಿಗೆ ನೆಚ್ಚಿಕೊಂಡಿರುವ ನಾಡಕಚೇರಿ ಬಗ್ಗೆ ಯಾರೂ ರಿವ್ಯೂ ಬರೆಯುವುದಿಲ್ಲ. ಬೈಗುಳ ಮಾತ್ರ ಧಾರಾಳವಾಗಿ ಸಿಗುತ್ತದೆ. ನಮ್ಮ ದೊಡ್ಡಮ್ಮನಿಗೆ, ಆಮೇಲೆ ನಮ್ಮ ಬೀದಿಯ ಇನ್ನೂ ಕೆಲವು ಹಿರಿಯರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಮಾಡಿಸೋಕೆ ನಾನು ಓಡಾಡಿದ್ದೇನೆ. ಹಾಗಾಗಿ ಬರೆಯೋಣ ಅನ್ನಿಸಿತು. ಯಾವ ಹೋಬಳಿ, ಯಾವ ಬ್ಯಾಂಕು ಅಂತ ಹಾಕುವುದಿಲ್ಲ. ಎಲ್ಲ ಕಡೆ ಹೆಚ್ಚುಕಮ್ಮಿ ಇದೇ ಕಥೆ ಅಲ್ವಾ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಇದು ರಾಜ್ಯ ಸರ್ಕಾರದ ಯೋಜನೆ, 2007ರಲ್ಲಿ ತಿಂಗಳಿಗೆ 400 ರೂಪಾಯಿಯಿಂದ ಶುರುವಾಯಿತು. 2021ರಲ್ಲಿ 1,200 ಆಯಿತು. ವಯಸ್ಸು 65 ಆಗಿರಬೇಕು. ಸಣ್ಣ ರೈತರು, ಕೂಲಿಯವರು, ನೇಕಾರರು, ಮೀನುಗಾರರು ಹೀಗೆ ಯಾವ ಪಿಎಫ್ಫು, ಪಿಂಚಣಿ ಇಲ್ಲದೆ ದುಡಿದವರಿಗೆ ಅಂತ ಮಾಡಿದ್ದು. ಬಿಪಿಎಲ್ ಮನೆಯವರಿಗೆ 60ಕ್ಕೇ ಸಿಗುವ ಇಂದಿರಾ ಗಾಂಧಿ ವೃದ್ಧಾಪ್ಯ ವೇತನ ಬೇರೆ. ಅದರಲ್ಲಿ ಕೇಂದ್ರದ ಪಾಲು 79 ವರ್ಷದವರೆಗೆ ಇವತ್ತಿಗೂ 200 ರೂಪಾಯಿ, 80 ದಾಟಿದರೆ 500. ಹೌದು, ನೀವು ಸರಿಯಾಗೇ ಓದಿದಿರಿ, ಇನ್ನೂರು. ಉಳಿದದ್ದನ್ನು ರಾಜ್ಯವೇ ಸೇರಿಸಿ ಕೊಡುತ್ತದೆ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಅರ್ಜಿ ಹಾಕುವ ಕೆಲಸ ಮುಂಚಿನಷ್ಟು ಕಷ್ಟ ಇಲ್ಲ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್, ಫೋಟೋ ಇಟ್ಟುಕೊಂಡು ಹೋದರೆ ಕೌಂಟರಿನಲ್ಲಿ ಕೂತ ಹುಡುಗಿ ಟಕಟಕ ಅಂತ ಟೈಪ್ ಮಾಡಿ ರಸೀದಿ ಕೊಟ್ಟುಬಿಡುತ್ತಾಳೆ. ನಾಡಕಚೇರಿಗೇ ಹೋಗಬೇಕು ಅಂತಲೂ ಇಲ್ಲ. ಗ್ರಾಮ ಒನ್ ಹತ್ತಿರ ಇದ್ದರೆ ಅಲ್ಲೇ ಆಗುತ್ತದೆ. ಅದು ಬೆಳಿಗ್ಗೆಯಿಂದ ಕತ್ತಲಾಗುವವರೆಗೂ ತೆಗೆದಿರುವುದರಿಂದ ಕೂಲಿ ಬಿಟ್ಟು ಬರಬೇಕಾಗಿಲ್ಲ. ಸೇವಾ ಶುಲ್ಕ ಸ್ವಲ್ಪ ಜಾಸ್ತಿ, ಆದರೆ ಹೊರಗೆ ಮರದ ಕೆಳಗೆ ಫೈಲು ಹಿಡಿದು ನಿಂತಿರುತ್ತಾರಲ್ಲ, "ನಾನು ಮಾಡಿಸಿಕೊಡ್ತೀನಿ ಬಿಡಜ್ಜಿ" ಅನ್ನೋರು, ಅವರ ರೇಟಿನ ಮುಂದೆ ಅದು ಏನೂ ಅಲ್ಲ. ದಯವಿಟ್ಟು ಅವರ ಕೈಗೆ ಪಾಸ್‌ಬುಕ್ ಕೊಡಬೇಡಿ.

ಆ ರಸೀದಿ ಮಾತ್ರ ಬಿಸಾಡಬೇಡಿ. ಅದರ ಮೇಲೆ ಸಕಾಲದ 15 ಅಂಕಿಯ ನಂಬರು ಇರುತ್ತದೆ, ಯಾವ ತಾರೀಕಿನೊಳಗೆ ಕೆಲಸ ಮುಗಿಯಬೇಕು ಅಂತಲೂ ಇರುತ್ತದೆ. ಸಕಾಲ ಕಾಯ್ದೆ 2011ರದು, 2012ರ ಏಪ್ರಿಲಿನಿಂದ ಜಾರಿಯಲ್ಲಿದೆ. ತಡ ಮಾಡಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಅರ್ಜಿದಾರರಿಗೆ ಪರಿಹಾರ ಕೊಡಬೇಕು ಅಂತ ಅದರಲ್ಲಿದೆ. ಪರಿಹಾರ ತಗೊಂಡವರನ್ನು ನಾನಂತೂ ನೋಡಿಲ್ಲ. ಆದರೆ ಆ ನಂಬರನ್ನು ಜೋರಾಗಿ ಓದಿ ಹೇಳಿದರೆ ಫೈಲು ಹೇಗೆ ಮೇಲೆ ಬರುತ್ತದೆ ಅನ್ನೋದನ್ನು ನೋಡಿದ್ದೇನೆ.

ಜಾಗದ ವಿಷಯಕ್ಕೆ ಬಂದರೆ ಮಾತ್ರ ಬೇಜಾರು. ಇಲ್ಲಿಗೆ ಬರುವವರಲ್ಲಿ ಜಾಸ್ತಿ ಜನ ಮಂಡಿ ನೋವಿನವರು, ಆದರೆ ಒಳಗೆ ಹೋಗೋಕೆ ಎತ್ತರದ ಮೆಟ್ಟಿಲು, ಹಿಡಿದುಕೊಳ್ಳೋಕೆ ಕಂಬಿ ಇಲ್ಲ. ಕೂರೋಕೆ ಒಂದು ಕಲ್ಲು ಬೆಂಚು ಇದೆ, ಹನ್ನೊಂದು ಗಂಟೆಗೆ ಸರಿಯಾಗಿ ಅದರ ಮೇಲೇ ಬಿಸಿಲು. ಕೌಂಟರಿನ ಕಿಂಡಿಯೋ ನಿಂತವರ ಎದೆಮಟ್ಟಕ್ಕೆ. ಬೆನ್ನು ಬಾಗಿದ ಅಜ್ಜಿ ಅಲ್ಲಿ ನಿಂತರೆ ಒಳಗಿನವರಿಗೆ ಸೆರಗಿನ ತುದಿ ಮಾತ್ರ ಕಾಣುತ್ತದೆ. ಸರ್ವರ್ ಡೌನ್ ಇದ್ದ ದಿನ ಅದನ್ನು ಒಂದು ಚೀಟಿಯಲ್ಲಿ ಬರೆದು ಗೇಟಿಗೆ ಅಂಟಿಸಿದರೆ ಏನು ಗಂಟು ಹೋಗುತ್ತದೆ ಅಂತ ನನಗಿನ್ನೂ ಅರ್ಥವಾಗಿಲ್ಲ.

ಇನ್ನು ವಯಸ್ಸಿನ ಗಲಾಟೆ. ಆಧಾರ್ ಕಾರ್ಡು ತೆಗೆದು ನೋಡಿ, ನಮ್ಮ ಕಡೆಯ ಹಿರಿಯರೆಲ್ಲ ಜನವರಿ 1ಕ್ಕೇ ಹುಟ್ಟಿದವರು. ಹುಟ್ಟಿದ ದಾಖಲೆ ಇಲ್ಲದವರಿಗೆ ಆಧಾರ್ ಮಾಡುವಾಗ ಅಂದಾಜಿನ ವರ್ಷ ಹಾಕಿದರು, ತಾರೀಕು ತಾನಾಗೇ ಬಂತು. ಆ ಅಂದಾಜು ಕಡಿಮೆ ಬಿದ್ದಿದ್ದರೆ ಮುಗಿಯಿತು. ಮಗಳಿಗೆ 50 ದಾಟಿದೆ, ಅಮ್ಮನಿಗೆ ಕಂಪ್ಯೂಟರ್ ಪ್ರಕಾರ 62. ಆಧಾರಿನಲ್ಲಿ ಹುಟ್ಟಿದ ತಾರೀಕನ್ನು ಬದಲಾಯಿಸೋಕೆ ಒಂದೇ ಸಲ ಅವಕಾಶ, ಅದಕ್ಕೂ ದಾಖಲೆ ಬೇಕು. ಕೌಂಟರಿನವರನ್ನು ಬೈದು ಪ್ರಯೋಜನವಿಲ್ಲ, ಅವರ ಪರದೆಯಲ್ಲಿ ಬಟನ್ನೇ ಒತ್ತೋಕೆ ಬರುವುದಿಲ್ಲ.

ಪರಿಶೀಲನೆಗೆ ಗ್ರಾಮ ಆಡಳಿತ ಅಧಿಕಾರಿ ಬರುತ್ತಾರೆ. ಮುಂಚೆ ಗ್ರಾಮ ಲೆಕ್ಕಿಗರು ಅಂತಿದ್ದರು, ದೊಡ್ಡಮ್ಮನ ಬಾಯಲ್ಲಿ ಇವತ್ತಿಗೂ ಶ್ಯಾನುಭೋಗರೇ. ನಮ್ಮ ಸರ್ಕಲ್ಲಿಗೆ ಇರುವ ಹುಡುಗ ಒಳ್ಳೆಯವನು. ಬೈಕ್ ನಿಲ್ಲಿಸಿ ಜಗಲಿ ಮೇಲೆ ಕೂತ, ನೀರು ಕುಡಿದ, "ಮಕ್ಕಳು ನೋಡ್ಕೊಳ್ತಾರೇನಮ್ಮ?" ಅಂತ ಕೇಳಿದ. ದೊಡ್ಡಮ್ಮ "ನೋಡ್ಕೊಳ್ತಾರಪ್ಪಾ, ದೂರದಿಂದ" ಅಂದರು. ಅವನು ನಕ್ಕು ಬರೆದುಕೊಂಡ. ಆದಾಯದ ಮಿತಿ ವರ್ಷಕ್ಕೆ 32,000. ಈ ಲೆಕ್ಕದ ಚಂದ ನೋಡಿ. 2024-25ರಲ್ಲಿ ನರೇಗಾ ಕೂಲಿ ದಿನಕ್ಕೆ 349 ಇತ್ತು. ನೂರು ದಿನ ಪೂರ್ತಿ ಹೋದವರ ಕೈಗೆ 34,900. ಅಂದರೆ ಸರ್ಕಾರವೇ ಕೊಟ್ಟ ಕೂಲಿಯನ್ನು ಪೂರ್ತಿ ಮಾಡಿದವರು ಸರ್ಕಾರದ ಲೆಕ್ಕದಲ್ಲೇ ಮಿತಿ ದಾಟುತ್ತಾರೆ. ಆದಾಯ ಪ್ರಮಾಣ ಪತ್ರಗಳಲ್ಲಿ ಅಂಥ ಪುಟ್ಟ ಪುಟ್ಟ ಸಂಖ್ಯೆಗಳು ಯಾಕಿರುತ್ತವೆ ಅಂತ ಆಶ್ಚರ್ಯಪಡೋರು ಈ ಗುಣಾಕಾರ ಮಾಡಿ ನೋಡಿ.

ಆದೇಶ ಪತ್ರ ಕೈಗೆ ಬಂತು, ಎಲ್ಲ ಆಯಿತು ಅಂದುಕೊಳ್ಳುತ್ತೀರಿ. ಅಸಲಿ ಆಟ ಶುರುವಾಗೋದೇ ಆಮೇಲೆ.

ನಮ್ಮ ಪಕ್ಕದ ಮನೆ ಅಜ್ಜಿಗೆ ಸರಿಯಾಗಿ ಬರುತ್ತಿದ್ದ ದುಡ್ಡು ಇದ್ದಕ್ಕಿದ್ದಂತೆ ನಿಂತಿತು. ಬ್ಯಾಂಕಿಗೆ ಹೋದರೆ "ಮೇಲಿಂದಲೇ ಬಂದಿಲ್ಲ" ಅಂದರು. ನಾಡಕಚೇರಿಗೆ ಹೋದರೆ "ನಮ್ಮಿಂದ ಹೋಗಿದೆ, ಬ್ಯಾಂಕಲ್ಲಿ ಕೇಳಿ" ಅಂದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅಜ್ಜಿ ನಡುವೆ ಸಂಘದ ಸಾಲಕ್ಕೆ ಅಂತ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದರು, ಅಲ್ಲಿ ಆಧಾರ್ ಜೋಡಿಸಿಕೊಂಡರು. ಆಧಾರ್ ಮೇಲೆ ಬರುವ ಸರ್ಕಾರದ ದುಡ್ಡು ನೀವು ಅರ್ಜಿಯಲ್ಲಿ ಬರೆದ ಖಾತೆಗೇ ಹೋಗುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಕೊನೆಯ ಸಲ ಯಾವ ಬ್ಯಾಂಕಿಗೆ ಆಧಾರ್ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಇದನ್ನು ಆ ಹೊಸ ಬ್ಯಾಂಕಿನವರು ಹೇಳಲಿಲ್ಲ, ಯಾವ ಕಚೇರಿಯ ಗೋಡೆ ಮೇಲೂ ಬರೆದಿಲ್ಲ. ಅಷ್ಟೂ ತಿಂಗಳ ದುಡ್ಡು ಆ ಸಂಘದ ಖಾತೆಯಲ್ಲಿ ಸುಮ್ನೆ ಕೂತಿತ್ತು, ಅಜ್ಜಿ ಮಾತ್ರ ಅಂಗಡಿಯಲ್ಲಿ ಸಾಲ ಬರೆಸುತ್ತಿದ್ದರು.

ಇದನ್ನು ಪತ್ತೆ ಮಾಡಿದ್ದು ಡಿಬಿಟಿ (ಅಂದರೆ ಖಾತೆಗೆ ನೇರ ಜಮೆ) ಕರ್ನಾಟಕ ಆಪ್‌ನಲ್ಲಿ. ಆಪ್ ನಿಜಕ್ಕೂ ಚೆನ್ನಾಗಿದೆ. ಯಾವ ಯೋಜನೆಯ ದುಡ್ಡು, ಯಾವತ್ತು, ಯಾವ ಬ್ಯಾಂಕಿಗೆ ಅಂತ ತೋರಿಸುತ್ತದೆ. ಪಿಂಚಣಿ ಅಷ್ಟೇ ಅಲ್ಲ, ಗೃಹಲಕ್ಷ್ಮಿಯ 2,000ವೂ ಕಾಣುತ್ತದೆ. ತೊಂದರೆ ಏನಂದರೆ ಒಳಗೆ ಹೋಗೋಕೆ ಆಧಾರಿಗೆ ಸೇರಿಸಿದ ಮೊಬೈಲಿಗೆ ಒಟಿಪಿ ಬರಬೇಕು. ಅಜ್ಜಿಯ ಆಧಾರಿನಲ್ಲಿದ್ದ ನಂಬರು ಮಗ ಯಾವತ್ತೋ ಬಿಸಾಡಿದ ಸಿಮ್ಮಿನದು. ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಂಬರು ಬದಲಾಯಿಸಿ, ಆಮೇಲೆ ಆಪ್, ಆಮೇಲೆ ದುಡ್ಡು ಬೇಕಾದ ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆಯ ಫಾರಂ ಕೊಡಬೇಕಾಯಿತು. ಇಷ್ಟನ್ನು ಮಾಡಿಸೋಕೆ ಪಕ್ಕದಲ್ಲಿ ಒಬ್ಬರಿಲ್ಲದ ಹಿರಿಯರು ಏನು ಮಾಡಬೇಕು? ಈ ಸೇವೆಗೆ ನಾನು ನಂಬರು ಕಳೆಯುವುದಾದರೆ ಇಲ್ಲೇ, ಮೆಟ್ಟಿಲಿಗೂ ಅಲ್ಲ, ಬೆಂಚಿಗೂ ಅಲ್ಲ.

ಮುಂಚೆ ಇದೆಲ್ಲ ಇರಲಿಲ್ಲ, ಪೋಸ್ಟ್‌ಮ್ಯಾನ್ ಮನಿಯಾರ್ಡರ್ ತಂದು ಕೈಗೆ ಎಣಿಸಿ ಕೊಡುತ್ತಿದ್ದರು. ಕಾಫಿಗೆ ಅಂತ ಅಜ್ಜಿಯರು ತಾವಾಗೇ ಒಂದಿಷ್ಟು ಕೊಡುತ್ತಿದ್ದದ್ದೂ ಉಂಟು. ಖಾತೆಗೆ ಹಾಕುವುದರಿಂದ ಲೆಕ್ಕ ಚೊಕ್ಕ ಆಯಿತು, ಒಪ್ಪಿದೆ. ಅದೃಷ್ಟಕ್ಕೆ ಪೋಸ್ಟ್‌ಮ್ಯಾನ್ ಪೂರ್ತಿ ಹೋಗಿಲ್ಲ. 2018ರಲ್ಲಿ ಶುರುವಾದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಈಗ ಅವರೇ ಸಣ್ಣ ಮಿಷನ್ ಹಿಡಿದು ಮನೆಗೆ ಬರುತ್ತಾರೆ. ಆಧಾರ್ ಜೋಡಣೆಯಾಗಿದ್ದರೆ ಬೇರೆ ಬ್ಯಾಂಕಿನ ಖಾತೆಯಿಂದಲೂ ದುಡ್ಡು ತೆಗೆದುಕೊಡುತ್ತಾರೆ. ಬೆರಳು ಒತ್ತಿದರೆ ಸಾಕು. ಆ ಬೆರಳೇ ಒಂದು ಕಥೆ. ಜೀವಮಾನವೆಲ್ಲ ಹುಲ್ಲು ಕಿತ್ತು, ಪಾತ್ರೆ ತಿಕ್ಕಿ ರೇಖೆ ಸವೆದಿರುತ್ತವೆ. ಮಿಷನ್ನು ಕೆಂಪು ದೀಪ ತೋರಿಸಿದಾಗಲೆಲ್ಲ ದೊಡ್ಡಮ್ಮ ತಮ್ಮದೇ ತಪ್ಪು ಅನ್ನೋ ಹಾಗೆ ಮುಖ ಮಾಡುತ್ತಿದ್ದರು. ನಮ್ಮ ಪೋಸ್ಟ್‌ಮ್ಯಾನ್ ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, ಹೆಬ್ಬೆರಳು ಬಿಟ್ಟು ಉಂಗುರದ ಬೆರಳು ಇಡಿಸಿದರು. ಟಣ್ ಅಂತು. ಅವತ್ತಿನಿಂದ ದೊಡ್ಡಮ್ಮ ಬ್ಯಾಂಕಿನ ಕಡೆ ತಲೆ ಹಾಕಿಲ್ಲ. ಇಡೀ ವ್ಯವಸ್ಥೆಯಲ್ಲಿ ಐದಕ್ಕೆ ಐದು ಕೊಡುವುದು ಇವರೊಬ್ಬರಿಗೇ.

ಓಡಾಟದ ಬಗ್ಗೆ ಒಂದು ಮಾತು. 2023ರ ಜೂನಿನಿಂದ ಶಕ್ತಿ ಯೋಜನೆ ಇರುವುದರಿಂದ ಅಜ್ಜಿಯರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಆಧಾರ್ ತೋರಿಸಿದರಾಯಿತು. ತಾತಂದಿರಿಗೆ 60 ದಾಟಿದ್ದರೆ 25% ರಿಯಾಯಿತಿ. ಅದಕ್ಕೇ ನಮ್ಮ ಬೀದಿಯ ತಾತನೊಬ್ಬ ತನ್ನ ಫೈಲಿನ ವಿಚಾರಣೆಗೂ ಹೆಂಡತಿಯನ್ನೇ ಕಳಿಸುತ್ತಾನೆ!

ಒಟ್ಟು ಹೇಳುವುದಾದರೆ ಅರ್ಜಿಗೆ ನಾಲ್ಕು ಸ್ಟಾರ್, ಕಟ್ಟಡಕ್ಕೆ ಒಂದು, ದುಡ್ಡು ನಿಂತಾಗ ಉತ್ತರ ಸಿಗುವ ವಿಷಯಕ್ಕೆ ಒಂದೂವರೆ. ನಿಂತುಹೋದವರು ಪಿಂಚಣಿ ಅದಾಲತ್ ಯಾವತ್ತು ಅಂತ ವಿಚಾರಿಸಿ. ತಹಶೀಲ್ದಾರರು ಬಂದು ಕೂರುತ್ತಾರೆ, ಅವತ್ತು ಕೌಂಟರಿನಲ್ಲಿ "ನಾಳೆ ಬಾ" ಅನ್ನೋ ಮಾತು ಕಡಿಮೆ. ಹೋಗುವಾಗ ಆದೇಶ ಪತ್ರದ ಜೆರಾಕ್ಸ್ ಮತ್ತು ಮನೆಯಲ್ಲಿರುವ ಎಲ್ಲ ಪಾಸ್‌ಬುಕ್ ತಗೊಂಡು ಹೋಗಿ, ಬೀರುವಿನಲ್ಲಿ ಮರೆತುಹೋದ ಹಳೇದೂ ಸೇರಿ. ದೂರದ ಊರಲ್ಲಿದ್ದು ಅಪ್ಪ ಅಮ್ಮನಿಗೆ ಸಹಾಯ ಮಾಡೋಕೆ ಆಗದವರು ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ಕೇಳಬಹುದು. ನಮ್ಮ ನಾಡಕಚೇರಿಯವರು ಆ ಬೆಂಚಿನ ಮೇಲೆ ಒಂದು ಶೀಟು ಹಾಕಿಸಿ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ನೋಡಿ ಹೇಳೋಕೆ ಒಬ್ಬರನ್ನು ಕೂರಿಸಿದರೆ ನಾನು ಈ ರಿವ್ಯೂ ತಿದ್ದೋಕೆ ಸಿದ್ಧ.