ಕಂಪ್ಯೂಟರ್‌ಗೆ 43 ಇಂಚಿನ ಟಿವಿ: ಒತ್ತಕ್ಷರ ಸರಿಯಾಗಿ ಕಂಡ ಮೇಲೆ ಬರೆದ ವಿಮರ್ಶೆ

ಮನೆಯ ಕಂಪ್ಯೂಟರನ್ನು ದೊಡ್ಡ ಟಿವಿಗೆ ಜೋಡಿಸಬೇಕು ಅಂತ ಯೋಚಿಸುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಂಗಡಿಯಲ್ಲಿ ಚಿತ್ರ ನೋಡಿ ಮರುಳಾಗಬೇಡಿ, ಅಕ್ಷರ ನೋಡಿ. ಅದರಲ್ಲೂ ಕನ್ನಡದ ಅಕ್ಷರ. ಅಲ್ಲಿ ಹಾಕುವ ಹೂವು, ಹಕ್ಕಿ, ಜಲಪಾತದ ವಿಡಿಯೊ ಯಾವ ಟಿವಿಯಲ್ಲಾದರೂ ಚೆಂದವೇ. ಒತ್ತಕ್ಷರ ಹಾಗಲ್ಲ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ತೋಟದ ಲೆಕ್ಕಕ್ಕೆ, ಮಗಳ ಆನ್‌ಲೈನ್ ಪಾಠಕ್ಕೆ ಅಂತ ತೆಗೆದುಕೊಂಡ ಡೆಸ್ಕ್‌ಟಾಪ್ ಇದೆ. ಅದರ ಮಾನಿಟರ್ ಕೆಟ್ಟಿತು. ಜಗಲಿಯ ಟಿವಿಯೂ ಹಳೇದಾಗಿತ್ತು. ಎರಡನ್ನೂ ಬೇರೆ ಬೇರೆ ತರುವಷ್ಟು ದುಡ್ಡು ಆಗ ಕೈಯಲ್ಲಿರಲಿಲ್ಲ. ಹಾಗಾಗಿ 25 ಸಾವಿರದ ಆಸುಪಾಸಿನಲ್ಲಿ 43 ಇಂಚಿನ 4ಕೆ (ಅಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕೆಗಳಿರುವ) ಟಿವಿ ಒಂದನ್ನೇ ತಂದೆವು. ಅದು ಬಂದ ಮೇಲೆ ಎರಡು ಮಳೆಗಾಲ ಕಳೆದಿದೆ. ಬಣ್ಣ, ಸ್ಪೀಕರ್, ಆ್ಯಪ್‌ಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಅದಕ್ಕೆ ಹೋಗುವುದಿಲ್ಲ.

ಜೋಡಿಸಿದ ಕೂಡಲೇ ಕಂಡದ್ದು ಅಂಚು ಕಾಣೆಯಾದದ್ದು. ವಿಂಡೋಸ್‌ನ ಕೆಳಗಿನ ಪಟ್ಟಿ ಅರ್ಧ ಮುಚ್ಚಿಹೋಗಿತ್ತು, ಗಡಿಯಾರ ಕಾಣುತ್ತಿರಲಿಲ್ಲ. ಇದಕ್ಕೆ ಓವರ್‌ಸ್ಕ್ಯಾನ್ ಅಂತಾರೆ. ಪಿಕ್ಚರ್ ಟ್ಯೂಬ್ ಕಾಲದ ಟಿವಿಗಳಲ್ಲಿ ಚಿತ್ರದ ಅಂಚು ನೆಟ್ಟಗೆ ಬರುತ್ತಿರಲಿಲ್ಲ, ಅದಕ್ಕೇ ಸ್ವಲ್ಪ ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಆಚೆ ತಳ್ಳುತ್ತಿದ್ದರು. ಟ್ಯೂಬ್ ಹೋಯಿತು, ಅಭ್ಯಾಸ ಉಳಿಯಿತು. ಚಿತ್ರದ ಅಳತೆಯ ಸೆಟ್ಟಿಂಗ್‌ನಲ್ಲಿ ಎಲ್‌ಜಿಯವರು ಜಸ್ಟ್ ಸ್ಕ್ಯಾನ್ ಅಂತ ಕೊಡುತ್ತಾರೆ, ಸ್ಯಾಮ್‌ಸಂಗ್‌ನವರು ಫಿಟ್ ಟು ಸ್ಕ್ರೀನ್ ಅಂತ. ಹೆಸರು ಏನಾದರೂ ಇರಲಿ, ಅದನ್ನು ಹುಡುಕಿ ಹಾಕಿದರೆ ಅಂಚು ವಾಪಸ್ ಬರುತ್ತದೆ. ಇದು ಐದು ನಿಮಿಷದ ಕೆಲಸ.

ನಿಜವಾದ ತಲೆನೋವು ಆಮೇಲೆ ಶುರುವಾಯಿತು. ಅಪ್ಪನಿಗೆ ಇ-ಪೇಪರ್ ತೆರೆದುಕೊಟ್ಟೆ. ನಮ್ಮೂರಿಗೆ ಪೇಪರ್ ಬರುವಾಗ ಮಧ್ಯಾಹ್ನ, ಜೋರು ಮಳೆಯಿದ್ದರೆ ಮಾರನೇ ದಿನ. ಹಾಗಾಗಿ ಈ ಟಿವಿಯ ಮೇಲೆ ಅವರಿಗೇ ಎಲ್ಲರಿಗಿಂತ ಜಾಸ್ತಿ ಆಸೆ ಇತ್ತು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. "ತಮಾ, ಇದೆಂತದೋ, ಒತ್ತಕ್ಷರವೇ ಕಾಣ್ತಿಲ್ಲೆ" ಅಂದರು.

ಹತ್ತಿರ ಹೋಗಿ ನೋಡಿದೆ. ಅವರು ಹೇಳಿದ್ದು ಸರಿ. "ರಾಷ್ಟ್ರ" ಅನ್ನುವಲ್ಲಿ ಷ ಕೆಳಗಿನ ಟ, ಅದರ ಪಕ್ಕದ ರ ಎರಡೂ ಸೇರಿ ಒಂದು ಕಪ್ಪು ಚುಕ್ಕೆ. ಧ ಅಕ್ಷರದ ಕೆಳಗಿನ ಸೀಳು ಮುಚ್ಚಿಹೋಗಿ ದ ಆಗಿದೆ. ಷ ಹೊಟ್ಟೆಯೊಳಗಿನ ಗೆರೆ ಕರಗಿ ಪ ಥರ ಕಾಣುತ್ತಿದೆ. ಕೆಂಪು ತಲೆಬರಹದ ಸುತ್ತ ತಿಳಿ ಗುಲಾಬಿ ಬಣ್ಣ ಹರಡಿದೆ. ಇಂಗ್ಲಿಷ್ ಪುಟ ತೆರೆದರೆ ಇಷ್ಟು ತೊಂದರೆ ಇಲ್ಲ. ನಮ್ಮ ಲಿಪಿಯಲ್ಲಿ ಅರ್ಧ ಅರ್ಥ ಇರುವುದೇ ಇಂಥ ಸಣ್ಣ ಗೆರೆಗಳಲ್ಲಿ, ಅಲ್ವಾ?

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ಕೇಬಲ್ ಬದಲಿಸಿ ಸರ್" ಅಂದರು. ಅಂಗಡಿಯವನು ಚಿನ್ನದ ಲೇಪದ ಕೇಬಲ್ ತೋರಿಸಿ ಮಾಮೂಲಿಗಿಂತ ಎಷ್ಟೋ ಪಟ್ಟು ರೇಟು ಹೇಳಿದ. ಇದು ನನಗೆ ಇವತ್ತಿಗೂ ಸಿಟ್ಟು ಬರಿಸುವ ವಿಷಯ. ಕಂಪ್ಯೂಟರನ್ನು ಟಿವಿಗೆ ಜೋಡಿಸುವ ಈ ಎಚ್‌ಡಿಎಂಐ ಕೇಬಲ್‌ನಲ್ಲಿ ಹೋಗುವುದು ಡಿಜಿಟಲ್ ಸಿಗ್ನಲ್. ಕೇಬಲ್ ಕಳಪೆಯಾದರೆ ಪರದೆ ಮಿಣುಕುತ್ತದೆ, ಚುಕ್ಕೆ ಚುಕ್ಕೆ ಬರುತ್ತದೆ, ಇಲ್ಲವೇ ಚಿತ್ರವೇ ಹೋಗುತ್ತದೆ. ಧ ಹೋಗಿ ದ ಆಗುವುದಿಲ್ಲ. 4ಕೆ ಚಿತ್ರ ಸೆಕೆಂಡಿಗೆ 60 ಸಲ ಬರಬೇಕಾದರೆ ಪ್ರೀಮಿಯಂ ಹೈ ಸ್ಪೀಡ್ ಅಂತ ಬರೆದ ಸಾದಾ ಕೇಬಲ್ ಸಾಕು. ಚಿನ್ನಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

ಕಾರಣ ಇದ್ದದ್ದು ಟಿವಿಯ ಒಳಗೆ. ನಮ್ಮ ಕಣ್ಣಿಗೆ ಬೆಳಕು-ಕತ್ತಲೆಯ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ, ಬಣ್ಣದ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಸಿನಿಮಾ, ಧಾರಾವಾಹಿ ಎಲ್ಲದರಲ್ಲೂ ಬೆಳಕಿನ ಮಾಹಿತಿ ಪೂರ್ತಿ ಇಟ್ಟು, ಬಣ್ಣವನ್ನು ನಾಲ್ಕು ಪಿಕ್ಸೆಲ್‌ಗೆ (ಪರದೆಯ ಚುಕ್ಕೆಗೆ) ಒಂದರಂತೆ ಹಂಚುತ್ತಾರೆ. ಇದೇ 4:2:0. ಮುಖ, ಮರ, ಸಮುದ್ರಕ್ಕೆ ಇದರಿಂದ ಏನೂ ಆಗುವುದಿಲ್ಲ. ಕೂದಲೆಳೆಯಷ್ಟು ಸಣ್ಣ ಅಕ್ಷರಕ್ಕೆ ಆಗುತ್ತದೆ. ಕಂಪ್ಯೂಟರ್‌ನಿಂದ ಪ್ರತಿ ಪಿಕ್ಸೆಲ್‌ಗೂ ಅದರದ್ದೇ ಬಣ್ಣ ಬಂದರೂ, ಟಿವಿ ಅದನ್ನು ಸಿನಿಮಾ ಅಂತಲೇ ತಿಳಿದು ಬಣ್ಣ ಕಡಿತ ಮಾಡುತ್ತದೆ. ಅದು ಸಾಲದು ಅಂತ ಶಾರ್ಪ್‌ನೆಸ್ ಏರಿಸಿ ಅಕ್ಷರದ ಸುತ್ತ ಬಿಳಿ ಗೆರೆ ಬೇರೆ ಎಳೆಯುತ್ತದೆ.

ಇದಕ್ಕೆ ಪರಿಹಾರ ಇದೆ, ಆದರೆ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಇನ್‌ಪುಟ್ ಪಟ್ಟಿಗೆ ಹೋಗಿ, ಕಂಪ್ಯೂಟರ್ ಸಿಕ್ಕಿಸಿದ ಎಚ್‌ಡಿಎಂಐ ಹೆಸರನ್ನೋ ಗುರುತಿನ ಚಿತ್ರವನ್ನೋ "ಪಿಸಿ" ಅಂತ ಬದಲಿಸಬೇಕು. ಅಷ್ಟೇ. ಹೆಸರು ಬದಲಿಸಿದ ಕ್ಷಣ ಟಿವಿ ತನ್ನ ಅಧಿಕಪ್ರಸಂಗ ಎಲ್ಲ ನಿಲ್ಲಿಸುತ್ತದೆ. ಶಾರ್ಪ್‌ನೆಸ್ ಇಳಿಸಿದೆ, ವಿಂಡೋಸ್‌ನಲ್ಲಿ ಅಕ್ಷರ ದೊಡ್ಡದು ಮಾಡುವ ಸ್ಕೇಲ್ ಅನ್ನು 150 ಪರ್ಸೆಂಟ್ ಮಾಡಿದೆ. ಷ ಹೊಟ್ಟೆಯ ಗೆರೆ ವಾಪಸ್ ಬಂತು. ಇಷ್ಟು ಮುಖ್ಯವಾದ ವಿಷಯವನ್ನು ಪೆಟ್ಟಿಗೆಯಲ್ಲಿ ಬಂದ ಪುಸ್ತಕದಲ್ಲಿ ಒಂದು ಸಾಲೂ ಬರೆದಿಲ್ಲ ಅನ್ನುವುದೇ ನನ್ನ ದೊಡ್ಡ ದೂರು.

ಅದೇ ಸೆಟ್ಟಿಂಗ್‌ನಿಂದ ಇನ್ನೊಂದು ಲಾಭವಾಯಿತು, ಅದನ್ನು ನಾನು ಎಣಿಸಿರಲೇ ಇಲ್ಲ. ನಮ್ಮನೆಯಲ್ಲಿ ಯಕ್ಷಗಾನ ಅಂದರೆ ಊಟ ಬಿಟ್ಟು ಕೂರುವವರಿದ್ದಾರೆ. ಟಿವಿಯ ಸ್ಪೀಕರ್‌ನಲ್ಲಿ ಚಂಡೆ ತಗಡು ಬಡಿದ ಹಾಗೆ ಕೇಳುತ್ತದೆ, ಅದಕ್ಕೇ ಧ್ವನಿಯನ್ನು ಕಂಪ್ಯೂಟರ್‌ನ ಹಳೇ ಸ್ಪೀಕರ್‌ಗೇ ಬಿಟ್ಟಿದ್ದೆ. ಆಗ ಪೆಟ್ಟು ಮೊದಲು ಕೇಳಿ, ಹೆಜ್ಜೆ ಆಮೇಲೆ ಬೀಳುತ್ತಿತ್ತು. ವ್ಯತ್ಯಾಸ ಚೂರೇ ಚೂರು. ಆದರೆ ಬಡಗುತಿಟ್ಟಿನ ಕುಣಿತ ನೋಡಿ ಬೆಳೆದವರಿಗೆ ಆ ಚೂರು ಸಾಕು, ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಟಿವಿ ಪ್ರತಿ ಚಿತ್ರವನ್ನೂ ತಿದ್ದಿ ತೀಡಿ ತೋರಿಸುವಷ್ಟರಲ್ಲಿ ತಡವಾಗುತ್ತಿತ್ತು. ಪಿಸಿ ಅಂತ ಹೆಸರಿಟ್ಟ ಮೇಲೆ ತಿದ್ದುವ ಕೆಲಸ ನಿಂತಿತು, ಪೆಟ್ಟೂ ಹೆಜ್ಜೆಯೂ ಕೂಡಿದವು. ಈಗ ಭಾಗವತರು ತಾಳ ಹಿಡಿದ ಬೆರಳು, ವೇಷದವರ ತಲೆಯ ಕೇದಗೆ ಮುಂದಲೆಯ ಜರಿ ಎಲ್ಲ ಕಾಣುತ್ತದೆ. ಆಟಕ್ಕೆ ಹೋದರೂ ಹಿಂದಿನ ಸಾಲಿನಲ್ಲಿ ಕೂತವರಿಗೆ ಇಷ್ಟು ಕಾಣುವುದಿಲ್ಲ ಅಂತ ಆಯಿ ಹೇಳುತ್ತಾರೆ.

ಮಧ್ಯಾಹ್ನದ ಹೊತ್ತು ಟಿವಿ ಅಪ್ಪನದ್ದು. ಊಟ ಮುಗಿಸಿ, ಕವಳದ ಬಟ್ಟಲು ಹತ್ತಿರ ಎಳೆದುಕೊಂಡು, ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿದ ಮೇಲೇ ಮೌಸ್ ಹಿಡಿಯುವುದು. ಕುರ್ಚಿಯ ಕೈ ಮೇಲೆ ಅಡಿಕೆ ಹಾಳೆಯ ಒಂದು ತುಂಡು ಇದೆ, ಮೌಸ್ ಓಡುವುದು ಅದರ ಮೇಲೆ. ಮೊದಲು ಜಿಲ್ಲೆಯ ಪುಟ. ಆಮೇಲೆ ಅಡಿಕೆ ಧಾರಣೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆಯ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತಾರೆ, ಅಡುಗೆಮನೆಗೂ ಕೇಳಲಿ ಅಂತ. ಕಂಟ್ರೋಲ್ ಒತ್ತಿ ಚಕ್ರ ತಿರುಗಿಸಿದರೆ ಅಕ್ಷರ ದೊಡ್ಡದಾಗುತ್ತದೆ ಅನ್ನುವುದನ್ನು ಅವರೇ ಈಗ ಬಂದವರಿಗೆ ಹೇಳಿಕೊಡುತ್ತಾರೆ. ಕೈಯಳತೆಯಲ್ಲಿ ಹಿಡಿದರೂ ಪೇಪರ್ ಓದಲು ಕಷ್ಟಪಡುತ್ತಿದ್ದವರು ದೂರದಲ್ಲಿ ಕೂತು ಆರಾಮಾಗಿ ಓದುವುದನ್ನು ನೋಡಿದರೆ ಕೊಟ್ಟ ದುಡ್ಡು ವಸೂಲಾಯಿತು ಅನ್ನಿಸುತ್ತದೆ. ಪಹಣಿ ತೋರಿಸಲೂ ಇದೇ ಟಿವಿ. ಮೊಬೈಲ್‌ನಲ್ಲಿ ಭೂಮಿ ಪಹಣಿಯ 9ನೇ ಕಾಲಂನ ಮಾಲೀಕರ ಹೆಸರು, 11ನೇ ಕಾಲಂನ ಸಾಲ ಯಾರಿಗೂ ಓದಲಿಕ್ಕಾಗುವುದಿಲ್ಲ. ಇಲ್ಲಿ ನಾಲ್ಕು ಜನ ಒಟ್ಟಿಗೆ ನಿಂತು ಓದುತ್ತಾರೆ.

ಹಳೇ ಕಂಪ್ಯೂಟರ್ ಇರುವವರು ಒಂದು ವಿಷಯ ಗಮನಿಸಿ. ನಮ್ಮದರಲ್ಲಿರುವುದು ಎಚ್‌ಡಿಎಂಐ 1.4. ಅದು 2009ರದ್ದು, 4ಕೆಯನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸುತ್ತದೆ. ಓದಲು ಸಾಕು, ಆದರೆ ಮೌಸ್ ಬಾಣ ತಡೆದು ತಡೆದು ಓಡುತ್ತದೆ. 60 ಸಲ ಕಳಿಸುವ ತಾಕತ್ತು ಬಂದದ್ದು 2013ರ ಎಚ್‌ಡಿಎಂಐ 2.0ಯಲ್ಲಿ. ಪುಣ್ಯಕ್ಕೆ ನಮ್ಮ ಕಂಪ್ಯೂಟರ್‌ನ ಹಿಂದೆ ಪರದೆ ಜೋಡಿಸುವ ಇನ್ನೊಂದು ಪೋರ್ಟ್, ಡಿಸ್‌ಪ್ಲೇಪೋರ್ಟ್ ಇತ್ತು. ಅದನ್ನು ಎಚ್‌ಡಿಎಂಐಗೆ ಬದಲಿಸುವ, ಸಾವಿರ ಚಿಲ್ಲರೆಯ ಆ್ಯಕ್ಟಿವ್ ಅಡಾಪ್ಟರ್ ಹಾಕಿ 60 ಮಾಡಿಕೊಂಡೆ. ಟಿವಿಯಲ್ಲೂ ಆ ಪೋರ್ಟ್‌ಗೆ ಡೀಪ್ ಕಲರ್ ಅಂತಲೋ ಎನ್‌ಹ್ಯಾನ್ಸ್ಡ್ ಅಂತಲೋ ಇರುವುದನ್ನು ಆನ್ ಮಾಡಬೇಕು. ಇಲ್ಲದಿದ್ದರೆ 60 ಬರುವುದಿಲ್ಲ, ಬಂದರೂ ಬಣ್ಣ ಮತ್ತೆ ಕಡಿತ. ವೈರ್ ಇಲ್ಲದೆ ಜೋಡಿಸುವುದೂ ಇದೆ, ವಿಂಡೋಸ್ ಕೀ ಜೊತೆ ಕೆ ಒತ್ತಿದರೆ ಆಯಿತು. ಯಕ್ಷಗಾನ ನೋಡಲು ಅಡ್ಡಿಯಿಲ್ಲ. ಚಿತ್ರ ಸ್ವಲ್ಪ ತಡವಾಗಿ ಬರುವುದರಿಂದ ಮೌಸ್ ಹಿಡಿದು ಕೆಲಸ ಮಾಡುವವರಿಗೆ ಅದು ಬೇಡ.

ಸಿಡಿಲಿನ ಕಾಲ ಮಾತ್ರ ಇನ್ನೂ ಕಿರಿಕಿರಿ. ಏಪ್ರಿಲ್-ಮೇ ತಿಂಗಳ ಸಂಜೆ ಮೋಡ ಕಟ್ಟಿದರೆ ಪ್ಲಗ್ ಕಿತ್ತರೆ ಸಾಲದು. ಡಿಶ್ ವೈರ್, ನೆಟ್ ವೈರ್ ಯಾವುದರಲ್ಲಿ ಹೊಡೆತ ಬಂದರೂ ಎಚ್‌ಡಿಎಂಐ ಕೇಬಲ್ ದಾಟಿ ಇನ್ನೊಂದನ್ನೂ ಸುಡಬಹುದು. ಅದನ್ನೂ ಕೀಳಬೇಕು. ಗೋಡೆಗೆ ಹೊಡೆದ ಟಿವಿಯ ಹಿಂದೆ ಮೊಬೈಲ್ ಟಾರ್ಚ್ ಬಿಟ್ಟು, ಬೆರಳಲ್ಲಿ ತಡಕಿ ಪೋರ್ಟ್ ಹುಡುಕುವುದು ದಿನಾ ಆಗುವ ಕೆಲಸವಲ್ಲ. ಒಂದು ಮೊಳದ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ತುದಿಯನ್ನು ಪಕ್ಕಕ್ಕೆ ತಂದು ಬಿಟ್ಟಿದ್ದೇನೆ, ಈಗ ಆಯಿಯೂ ಕೀಳುತ್ತಾರೆ. ಇನ್ನೊಂದು ಕೊರತೆ, ಕಂಪ್ಯೂಟರ್ ಮಲಗಿದರೆ ಟಿವಿ ಮಲಗುವುದಿಲ್ಲ. ಸಿಗ್ನಲ್ ಇಲ್ಲ ಅಂತ ಬರೆದುಕೊಂಡು ಉರಿಯುತ್ತಿರುತ್ತದೆ. ಆರಿಸಲು ರಿಮೋಟ್ ಬೇರೆ ಬೇಕು.

ಕುಮಟಾದ ತಂಗಿ ಮನೆಯವರು 55 ಇಂಚು ತರಲಾ ಅಂತ ಕೇಳುತ್ತಿದ್ದಾರೆ. ಬರೀ ಸೋಫಾದಲ್ಲಿ ಕೂತು ನೋಡುವುದಾದರೆ ತನ್ನಿ. ಮೇಜಿನ ಮುಂದೆ ಕೂತು ಟೈಪ್ ಮಾಡುವುದೂ ಇದ್ದರೆ 43ಕ್ಕಿಂತ ದೊಡ್ಡದು ಬೇಡ, ಕತ್ತು ನೋವು ಬರುತ್ತದೆ. 43ರಲ್ಲೂ 4ಕೆಯೇ ಇರಲಿ. ಅದೇ ಅಳತೆಯ ಫುಲ್ ಎಚ್‌ಡಿಯಲ್ಲಿ ಇಂಚಿಗೆ 51 ಪಿಕ್ಸೆಲ್ ಮಾತ್ರ, 4ಕೆಯಲ್ಲಿ 102. ಅಂಗಡಿಗೆ ಹೋಗುವಾಗ ಯಾರದ್ದಾದರೂ ಲ್ಯಾಪ್‌ಟಾಪ್, ಒಂದು ಕೇಬಲ್ ತೆಗೆದುಕೊಂಡು ಹೋಗಿ. ಇನ್‌ಪುಟ್‌ಗೆ ಪಿಸಿ ಅಂತ ಹೆಸರಿಡಿಸಿ, ಬಿಳಿ ಹಾಳೆ ಮೇಲೆ ಕೆಂಪು ಅಕ್ಷರದಲ್ಲಿ "ರಾಷ್ಟ್ರ" ಅಂತ ಟೈಪ್ ಮಾಡಿ ನೋಡಿ. ಎರಡೂ ಒತ್ತು ಬೇರೆ ಬೇರೆ ಕಂಡರೆ ದುಡ್ಡು ಕೊಡಿ.